ಇನ್ನೊಬ್ಬರ ಬಾಯಲ್ಲಿ ಇಟ್ಟ ಕೆಂಡ

2019ರ ಡಿಸೆಂಬರ್‌ನಲ್ಲಿ ಪೌರತ್ವ ತಿದ್ದುಪಡಿ ಕಾಯ್ದೆಯ ಪರವಾಗಿಯೂ ವಿರುದ್ಧವಾಗಿಯೂ ದೇಶ ಬೀದಿಗಿಳಿದಿತ್ತು. ಆ ತಿಂಗಳ 19ರಂದು ಮಂಗಳೂರಿನಲ್ಲಿ ಪೊಲೀಸರ ಗುಂಡಿಗೆ ಇಬ್ಬರು ಬಲಿಯಾದರು. ಅದಾದ ಮೂರ್ನಾಲ್ಕು ದಿನಗಳಲ್ಲೇ ಸೌದಿ ಅರೇಬಿಯಾದ ದಮ್ಮಾಮ್‌ನಲ್ಲಿ ಎಸಿ ಮೆಕ್ಯಾನಿಕ್ ಆಗಿ ದುಡಿಯುತ್ತಿದ್ದ ಕುಂದಾಪುರ ಕಡೆಯ ಒಬ್ಬರನ್ನು ಅಲ್ಲಿನ ಪೊಲೀಸರು ಬಂಧಿಸಿದರು. ಕಾಯ್ದೆಯ ಗದ್ದಲದ ನಡುವೆ ಹಂಚಿಕೊಂಡ ಒಂದು ಪೋಸ್ಟ್‌ಗಾಗಿ ಅವರು ಅದಾಗಲೇ ವಿಡಿಯೊ ಮೂಲಕ ಕ್ಷಮೆ ಕೇಳಿದ್ದರು. ಫೇಸ್‌ಬುಕ್ ಖಾತೆಯನ್ನೂ ಮುಚ್ಚಿದ್ದರು. ಆದರೆ ಅವರದೇ ಹೆಸರು, ಅವರದೇ ಭಾವಚಿತ್ರ ಹೊತ್ತ ಇನ್ನೊಂದು ಖಾತೆ ರಾತ್ರೋರಾತ್ರಿ ಹುಟ್ಟಿಕೊಂಡಿತು. ಮೆಕ್ಕಾದ ಬಗೆಗೂ ಸೌದಿ ಯುವರಾಜ ಮೊಹಮ್ಮದ್ ಬಿನ್ ಸಲ್ಮಾನ್ ಬಗೆಗೂ ಅತ್ಯಂತ ಹೀನ ಮಾತುಗಳು ಅದರಲ್ಲಿ ಪ್ರಕಟವಾದವು. ಉಡುಪಿ ಪೊಲೀಸರು ಆ ಖಾತೆಯ ಜಾಡು ಹಿಡಿದು ಹೊರಟಾಗ ಅದು ತಲುಪಿದ್ದು ಮೂಡುಬಿದಿರೆಗೆ. 2020ರ ಅಕ್ಟೋಬರ್‌ನಲ್ಲಿ ಇಬ್ಬರು ಸಹೋದರರನ್ನು ಆರೋಪಿಗಳೆಂದು ಬಂಧಿಸಲಾಯಿತು. ದಮ್ಮಾಮ್‌ನ ಸೆರೆಮನೆಯಲ್ಲಿದ್ದ ಮನುಷ್ಯ ಊರಿಗೆ ಮರಳಿದ್ದು 2021ರ ಆಗಸ್ಟ್‌ನಲ್ಲಿ. ತಾನು ಬರೆಯದ ಮಾತಿಗೆ ಅವರು ತೆತ್ತ ಅವಧಿ ಸುಮಾರು ಇಪ್ಪತ್ತು ತಿಂಗಳು.

ಇದರ ಬೆನ್ನಿಗೇ, 2020ರ ಫೆಬ್ರವರಿಯಲ್ಲಿ, ಇಂಥದೇ ಇನ್ನೊಂದು ಬಂಧನ. ಈ ಬಾರಿ ಮಂಗಳೂರಿನವರು, ಕಾಲು ಶತಮಾನ ಸೌದಿಯಲ್ಲಿ ದುಡಿದವರು. ಅವರೂ ಪೌರತ್ವ ಕಾಯ್ದೆಯನ್ನು ಬೆಂಬಲಿಸಿ ಬರೆದಿದ್ದರು. ಅವರಿಗೂ ಬೆದರಿಕೆಯ ಕರೆ ಬಂದಿತ್ತು. ಅವರ ಹೆಸರಿನಲ್ಲೂ ನಕಲಿ ಖಾತೆ ತೆರೆದು ದೊರೆಯನ್ನೂ ಇಸ್ಲಾಮನ್ನೂ ನಿಂದಿಸಲಾಗಿತ್ತು ಎಂಬುದು ಅವರ ಪತ್ನಿಯ ದೂರು. ಸೌದಿ ನ್ಯಾಯಾಲಯ ವಿಧಿಸಿದ್ದು ಹದಿನೈದು ವರ್ಷಗಳ ಸೆರೆವಾಸ. ಆ ಹೆಣ್ಣುಮಗಳು ಮಂಗಳೂರಿನ ಪೊಲೀಸ್ ಠಾಣೆಯಿಂದ ಆರಂಭಿಸಿ ಕರ್ನಾಟಕ ಹೈಕೋರ್ಟಿನವರೆಗೆ ಅಲೆದರು. ಮಾಹಿತಿಗಾಗಿ ಬರೆದರೂ ಫೇಸ್‌ಬುಕ್ ಸಂಸ್ಥೆ ಸಹಕರಿಸುತ್ತಿಲ್ಲವೆಂದು ಪೊಲೀಸರು ಹೇಳಿದಾಗ, 2023ರ ಜೂನ್‌ನಲ್ಲಿ ನ್ಯಾಯಮೂರ್ತಿ ಕೃಷ್ಣ ಎಸ್. ದೀಕ್ಷಿತ್ ಅವರು, ಹೀಗಾದರೆ ಭಾರತದಲ್ಲಿ ಆ ಸಂಸ್ಥೆಯ ಚಟುವಟಿಕೆಯನ್ನೇ ನಿಲ್ಲಿಸುವ ಆದೇಶದ ಬಗ್ಗೆ ಯೋಚಿಸಬೇಕಾದೀತು ಎಂದು ಎಚ್ಚರಿಸಿದರು. ಅಷ್ಟರಲ್ಲಿ ಬಂಧನವಾಗಿ ಮೂರು ವರ್ಷಗಳು ಕಳೆದಿದ್ದವು.

ಉದ್ರೇಕಕಾರಿ ಮಾತು ರಾಜಕೀಯದ ಅಸ್ತ್ರವಾಗಿ ಫಲಕಾರಿಯೇ, ನ್ಯಾಯವೇ ಎಂಬ ಪ್ರಶ್ನೆಯನ್ನು ಸಾಮಾನ್ಯವಾಗಿ ವೇದಿಕೆ, ಮೈಕು ಮತ್ತು ಮತಪೆಟ್ಟಿಗೆಗಳ ಲೆಕ್ಕದಲ್ಲಿ ಕೇಳಲಾಗುತ್ತದೆ. ಅದನ್ನು ಒಮ್ಮೆ ದಮ್ಮಾಮ್‌ನ ಸೆರೆಮನೆಯಿಂದ ಕೇಳಿ ನೋಡಬೇಕು. ಅಲ್ಲಿಂದ ನೋಡಿದರೆ ಈ ಅಸ್ತ್ರದ ಒಳಗುಟ್ಟು ಬಯಲಾಗುತ್ತದೆ. ಉದ್ರೇಕದ ಮಾತನ್ನು ಆಡುವವನೇ ಬೇಡ, ಅದನ್ನು ಇನ್ನೊಬ್ಬನ ಬಾಯಲ್ಲಿ ಇಟ್ಟರೂ ಸಾಕು. ಹಳೆಯ ಕಾಲದಲ್ಲಿ ಶತ್ರುವಿನ ಹಿತ್ತಿಲಲ್ಲಿ ಕಳವಿನ ಮಾಲು ಹೂತಿಟ್ಟು ಠಾಣೆಗೆ ಸುದ್ದಿ ಮುಟ್ಟಿಸುತ್ತಿದ್ದರಲ್ಲ, ಇದು ಅದರ ಹೊಸ ರೂಪ. ಇಲ್ಲಿ ಹೂತಿಟ್ಟದ್ದು ಬೈಗುಳ. ಠಾಣೆ ಇರುವುದು ಒಬ್ಬ ದೊರೆಯ ರಾಜ್ಯದಲ್ಲಿ.

ಫಲದ ಮಾತನ್ನೇ ಮೊದಲು ಎತ್ತಿಕೊಳ್ಳಬಹುದು. ಪ್ರಗತಿಪರರು ಈ ಪ್ರಶ್ನೆಗೆ ಆತುರದ ಉತ್ತರ ಕೊಟ್ಟು ಸಮಾಧಾನಪಟ್ಟುಕೊಳ್ಳುವುದುಂಟು. ‘ದ್ವೇಷ ಎಂದಿಗೂ ಗೆಲ್ಲುವುದಿಲ್ಲ’ ಎಂಬ ವಾಕ್ಯ ಭಾಷಣಕ್ಕೆ ಚೆನ್ನ, ಚುನಾವಣಾ ಅಂಕಿಅಂಶಗಳ ಎದುರು ನಿಲ್ಲದು. 2017ರ ಡಿಸೆಂಬರ್‌ನಲ್ಲಿ ಹೊನ್ನಾವರದಲ್ಲಿ ಗಲಭೆಯ ನಡುವೆ ಕಾಣೆಯಾದ ಯುವಕನೊಬ್ಬನ ಶವ ಕೆರೆಯಲ್ಲಿ ಸಿಕ್ಕಿತು. ಅದು ಕೋಮು ಹತ್ಯೆಯೆಂದು, ಚಿತ್ರಹಿಂಸೆ ಕೊಟ್ಟು ಕೊಂದದ್ದೆಂದು ರಾಜ್ಯದಾದ್ಯಂತ ಸಾರಲಾಯಿತು. ಹೊನ್ನಾವರ, ಕುಮಟಾ, ಶಿರಸಿಗಳು ಹೊತ್ತಿ ಉರಿದವು. ಕುಮಟಾದಲ್ಲಿ ಹಿರಿಯ ಪೊಲೀಸ್ ಅಧಿಕಾರಿಯ ಕಾರಿಗೇ ಬೆಂಕಿ ಬಿತ್ತು. ಐದು ತಿಂಗಳ ನಂತರ ನಡೆದ ವಿಧಾನಸಭಾ ಚುನಾವಣೆಯಲ್ಲಿ ಬಿಜೆಪಿ ಕರಾವಳಿಯ ಮೂರು ಜಿಲ್ಲೆಗಳ 19 ಕ್ಷೇತ್ರಗಳ ಪೈಕಿ 16ನ್ನು ಗೆದ್ದಿತು. ಆ ಸಾವಿನ ತನಿಖೆ ನಡೆಸಿದ ಸಿಬಿಐ 2022ರ ಅಕ್ಟೋಬರ್‌ನಲ್ಲಿ ಹೊನ್ನಾವರದ ನ್ಯಾಯಾಲಯಕ್ಕೆ ವರದಿ ಸಲ್ಲಿಸಿ, ಅದು ಆಕಸ್ಮಿಕ ಸಾವು ಎಂದಿತು. ವರದಿ ಬರುವಷ್ಟರಲ್ಲಿ ಒಂದು ವಿಧಾನಸಭೆಯ ಅವಧಿಯೇ ಮುಗಿಯುತ್ತ ಬಂದಿತ್ತು. ಸುಳ್ಳು ಊರೆಲ್ಲ ಸುತ್ತಿ ಬಂದು ಹೊಸ ಬಟ್ಟೆ ತೊಟ್ಟು ಪ್ರಮಾಣವಚನ ಸ್ವೀಕರಿಸಿಯೂ ಆಗಿತ್ತು.

ಹಾಗಾದರೆ ಫಲಕಾರಿ ಎನ್ನೋಣವೇ? ಮುಂದಿನ ಐದು ವರ್ಷಗಳ ಕಥೆ ಅಷ್ಟು ನೇರವಾಗಿಲ್ಲ. 2022ರ ಆರಂಭದಿಂದ ಹಿಜಾಬ್, ಹಲಾಲ್, ಜಾತ್ರೆಗಳಲ್ಲಿ ಮುಸ್ಲಿಮ್ ವ್ಯಾಪಾರಿಗಳ ಬಹಿಷ್ಕಾರ ಎಂದು ತಿಂಗಳಿಗೊಂದು ಉರಿ ಎದ್ದಿತು. ಜುಲೈ ಕೊನೆಯಲ್ಲಿ ದಕ್ಷಿಣ ಕನ್ನಡದಲ್ಲಿ ಹತ್ತು ದಿನಗಳೊಳಗೆ ಮೂವರು ಯುವಕರ ಕೊಲೆಯಾಯಿತು. ಇಬ್ಬರು ಮುಸ್ಲಿಮರು, ಒಬ್ಬರು ಬಿಜೆಪಿ ಯುವ ಮೋರ್ಚಾದ ಕಾರ್ಯಕರ್ತ. ಆ ಕಾರ್ಯಕರ್ತನ ಅಂತಿಮ ದರ್ಶನಕ್ಕೆ ಬೆಳ್ಳಾರೆಗೆ ಬಂದ ಪಕ್ಷದ ರಾಜ್ಯಾಧ್ಯಕ್ಷ ನಳಿನ್ ಕುಮಾರ್ ಕಟೀಲ್ ಅವರ ಕಾರನ್ನು ಮುತ್ತಿ ಅಲುಗಾಡಿಸಿದವರು ಅವರದೇ ಪಕ್ಷದ ಕಾರ್ಯಕರ್ತರು. ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಸರ್ಕಾರದ ವರ್ಷಾಚರಣೆಯ ಸಮಾವೇಶವನ್ನೇ ರದ್ದು ಮಾಡಬೇಕಾಯಿತು. ಇಷ್ಟಾದ ಮೇಲೂ 2023ರ ಜನವರಿಯಲ್ಲಿ ಕಟೀಲ್ ಅವರು ಮಂಗಳೂರಿನಲ್ಲಿ ಕಾರ್ಯಕರ್ತರಿಗೆ ಕೊಟ್ಟ ಸಲಹೆ, ರಸ್ತೆ ಚರಂಡಿಗಳಂಥ ಸಣ್ಣ ವಿಷಯ ಬಿಟ್ಟು ಲವ್ ಜಿಹಾದ್ ಬಗ್ಗೆ ಮಾತಾಡಿ ಎಂಬುದಾಗಿತ್ತು. ನಾಲ್ಕು ತಿಂಗಳ ನಂತರ ಪಕ್ಷ 224ರಲ್ಲಿ 66 ಸ್ಥಾನಗಳಿಗೆ ಇಳಿಯಿತು. ಆ 66ರಲ್ಲಿ 13 ಕರಾವಳಿಯವು. ಅಂದರೆ ಉರಿ ಹಚ್ಚಿದ ಅಂಗಳದಲ್ಲಿ ಬೆಳೆ ಅಷ್ಟಿಷ್ಟು ಬಂದಿತು, ಉಳಿದ ಹೊಲವೆಲ್ಲ ಬರಡಾಯಿತು. ಉಡುಪಿಯ ಐದಕ್ಕೆ ಐದೂ ಅದೇ ಪಕ್ಷಕ್ಕೆ ಹೋದದ್ದನ್ನು ಮರೆತು ‘ಜನ ದ್ವೇಷವನ್ನು ತಿರಸ್ಕರಿಸಿದರು’ ಎಂದು ಬರೆದ ಸಂಪಾದಕೀಯಗಳು ತಮ್ಮ ಓದುಗರಿಗೆ ಅರ್ಧ ಸತ್ಯವನ್ನೇ ಕೊಟ್ಟವು. ಉದ್ರೇಕದ ಮಾತು ಒಂದು ಪ್ರದೇಶವನ್ನು ತನ್ನ ವಶದಲ್ಲಿಟ್ಟುಕೊಳ್ಳಬಲ್ಲದು, ಒಂದು ರಾಜ್ಯವನ್ನು ಆಳುವ ಭರವಸೆಯನ್ನು ಅದು ಕೊಡಲಾರದು. ಜೊತೆಗೆ ಅದಕ್ಕೆ ಹಸಿವು ಹೆಚ್ಚು. ನಿನ್ನೆಯ ಪ್ರಮಾಣ ಇಂದಿಗೆ ಸಾಲದು. ಇಂದು ಮೆದುವಾಗಿ ಮಾತಾಡಿದ ನಾಯಕನ ಕಾರನ್ನು ನಾಳೆ ಅವನ ಹಿಂಬಾಲಕರೇ ಅಲುಗಾಡಿಸುತ್ತಾರೆ.

ಫಲದ ಲೆಕ್ಕ ಇಲ್ಲಿಗೆ ಸಾಕು, ಏಕೆಂದರೆ ಫಲಕಾರಿಯಾದದ್ದೆಲ್ಲ ನ್ಯಾಯವಾಗಬೇಕೆಂದಿಲ್ಲ. ನಿಜವಾದ ತಕರಾರು ಬೆಲೆಯದು, ಅದನ್ನು ತೆರುವವರದು.

2017ರ ಗಲಭೆಯಲ್ಲಿ ಕಲ್ಲೆಸೆದ ಹುಡುಗನ ಮೇಲೆ ಮೊಕದ್ದಮೆ ಬಿದ್ದಿತು. 1967ರ ಪಾಸ್‌ಪೋರ್ಟ್ ಕಾಯ್ದೆಯ ಪ್ರಕಾರ, ಕ್ರಿಮಿನಲ್ ಮೊಕದ್ದಮೆ ಬಾಕಿ ಇರುವವನಿಗೆ ಪಾಸ್‌ಪೋರ್ಟ್ ನಿರಾಕರಿಸಬಹುದು. ಮನೆಗೊಬ್ಬರಾದರೂ ಗಲ್ಫ್‌ನಲ್ಲಿ ದುಡಿಯುವ ಊರುಗಳಿರುವ ಜಿಲ್ಲೆಗಳಲ್ಲಿ ಈ ಒಂದು ಸಾಲಿನ ಅರ್ಥವೇನೆಂದು ಬೈಂದೂರಿನಲ್ಲೋ ಬಂಟ್ವಾಳದಲ್ಲೋ ಯಾವ ತಾಯಿಯನ್ನು ಕೇಳಿದರೂ ಹೇಳಿಯಾಳು. ಮೊಕದ್ದಮೆ ಮುಗಿಯುವವರೆಗೆ ಆ ಹುಡುಗನಿಗೆ ದಮ್ಮಾಮೂ ಇಲ್ಲ, ದೋಹಾವೂ ಇಲ್ಲ. ವೇದಿಕೆಯಿಂದ ಅವನನ್ನು ಹುರಿದುಂಬಿಸಿದವರಿಗೆ ಪೊಲೀಸ್ ಭದ್ರತೆ ಸಿಗುತ್ತದೆ, ಹೈಕೋರ್ಟಿನಿಂದ ತಡೆಯಾಜ್ಞೆ ಸಿಗುತ್ತದೆ, ಮುಂದಿನ ಸಭೆಗೆ ಆಹ್ವಾನವೂ ಬರುತ್ತದೆ. ಈ ಅಸಮತೆಯನ್ನು ಕಂಡೂ ‘ಅದು ಆವೇಶದ ಮಾತು’ ಎಂದು ಕೈತೊಳೆದುಕೊಳ್ಳುವವರು ಒಂದು ಸಣ್ಣ ಸಂಗತಿಯನ್ನು ಗಮನಿಸಬೇಕು: ಆವೇಶ ಎಂದೂ ತಪ್ಪು ವಿಳಾಸಕ್ಕೆ ಹೋಗುವುದಿಲ್ಲ. ಅದು ಬಡವನ ಮನೆಯನ್ನೇ ಹುಡುಕಿಕೊಂಡು ಹೋಗುತ್ತದೆ.

ಗಲ್ಫ್‌ಗೆ ಬಂದರೆ ಈ ಅಸಮತೆ ಹತ್ತು ಪಟ್ಟಾಗುತ್ತದೆ. ಸೌದಿ ಅರೇಬಿಯಾದಲ್ಲಿ ಇಪ್ಪತ್ತೈದು ಲಕ್ಷಕ್ಕೂ ಹೆಚ್ಚು ಭಾರತೀಯರಿದ್ದಾರೆ. ಅವರಲ್ಲಿ ಬಹುಪಾಲು ಜನ ಕ್ಯಾಂಪಿನ ಕೋಣೆಗಳಲ್ಲಿ, ಕಫೀಲನ ಮರ್ಜಿಯಲ್ಲಿ, ಇಕಾಮದ ಅವಧಿ ಎಣಿಸುತ್ತ ಬದುಕುವವರು. ಅಂಥ ಕೋಣೆಯಲ್ಲಿ ಕುಂದಾಪುರದವನೂ ಭಟ್ಕಳದವನೂ ಮಂಜೇಶ್ವರದವನೂ ಒಂದೇ ಒಲೆಯಲ್ಲಿ ಗಂಜಿ ಬೇಯಿಸಿಕೊಳ್ಳುತ್ತಾರೆ. ಒಬ್ಬನ ಇಕಾಮ ತಡವಾದರೆ ಇನ್ನೊಬ್ಬನ ಸಾಲದಲ್ಲಿ ಊರಿಗೆ ದುಡ್ಡು ಹೋಗುತ್ತದೆ. ಊರಿನ ವೇದಿಕೆಯ ಮಾತು ಮೊಬೈಲ್ ಮೂಲಕ ಅದೇ ಕೋಣೆಗೆ ಬಂದು ಬೀಳುತ್ತದೆ. ಒಬ್ಬ ಅದನ್ನು ಮುಂದಕ್ಕೆ ಕಳಿಸುತ್ತಾನೆ, ಇನ್ನೊಬ್ಬ ಅದರ ಚಿತ್ರ ತೆಗೆದಿಟ್ಟುಕೊಳ್ಳುತ್ತಾನೆ. ಅಲ್ಲಿಗೆ ಒಲೆ ಎರಡಾಗುತ್ತದೆ.

2020ರ ಏಪ್ರಿಲ್ ಈ ನಾಟಕದ ದೊಡ್ಡ ಅಂಕ. ಕೊರೊನಾ ಹರಡಿದ್ದಕ್ಕೆ ತಬ್ಲೀಗಿ ಜಮಾತನ್ನು ಮುಂದಿಟ್ಟುಕೊಂಡು ಒಂದು ಸಮುದಾಯವನ್ನೇ ಹೊಣೆಯಾಗಿಸಿದ ದಿನಗಳವು. ಯುಎಇಯಲ್ಲಿದ್ದ ಹಲವು ಭಾರತೀಯರು ಊರಿನಲ್ಲಿ ಸಲೀಸಾಗಿ ಆಡುವ ಮಾತನ್ನೇ ಅಲ್ಲಿಯೂ ಆಡಿ ಕೆಲಸ ಕಳೆದುಕೊಂಡರು. ಶಾರ್ಜಾ ರಾಜಮನೆತನದ ಹೆಂದ್ ಅಲ್ ಖಾಸಿಮಿ ಬಹಿರಂಗವಾಗಿ ಎಚ್ಚರಿಕೆ ಕೊಟ್ಟರು. ಭಾರತದ ರಾಯಭಾರಿ ಪವನ್ ಕಪೂರ್ ಅವರು, ತಾರತಮ್ಯ ನಮ್ಮ ನೈತಿಕತೆಗೂ ಕಾನೂನಿನ ಆಡಳಿತಕ್ಕೂ ವಿರುದ್ಧವೆಂಬುದನ್ನು ಇಲ್ಲಿನ ಭಾರತೀಯರು ನೆನಪಿಟ್ಟುಕೊಳ್ಳಬೇಕು ಎಂಬ ಅರ್ಥದ ಹೇಳಿಕೆ ನೀಡಿದರು. ಅದೇ ವಾರ ಬೆಂಗಳೂರು ದಕ್ಷಿಣದ ಸಂಸದ ತೇಜಸ್ವಿ ಸೂರ್ಯ ಅವರು 2015ರಲ್ಲಿ ಅರಬ್ ಮಹಿಳೆಯರ ಬಗ್ಗೆ ಹಾಕಿದ್ದ ಟ್ವೀಟೊಂದನ್ನು ಗಲ್ಫ್‌ನವರು ಹುಡುಕಿ ತೆಗೆದರು. ಟ್ವೀಟು ಅಳಿಸಿಹೋಯಿತು, ಸಂಸದರ ಸ್ಥಾನ ಅಳಿಸಲಿಲ್ಲ. ನಾಲ್ಕು ವರ್ಷಗಳ ನಂತರ ಅವರು ಅದೇ ಕ್ಷೇತ್ರದಿಂದ ಮತ್ತೆ ಗೆದ್ದರು. ಕೆಲಸ ಹೋದವರ ಹೆಸರು ಯಾರಿಗೂ ನೆನಪಿಲ್ಲ.

2022ರ ಮೇ ಕೊನೆಯ ವಾರದಲ್ಲಿ ಬಿಜೆಪಿ ವಕ್ತಾರೆ ನೂಪುರ್ ಶರ್ಮಾ ಟಿವಿ ಚರ್ಚೆಯಲ್ಲಿ ಪ್ರವಾದಿಯವರ ಬಗ್ಗೆ ಆಡಿದ ಮಾತಿನ ಕಥೆ ಇನ್ನೂ ಬೋಧಪ್ರದ. ದೇಶದೊಳಗಿನ ಮುಸ್ಲಿಮರ ದೂರು, ಎಫ್‌ಐಆರ್, ಪ್ರತಿಭಟನೆಗಳಿಗೆ ಅಲುಗದ ಪಕ್ಷ, ಜೂನ್ 5ರಂದು ಕತಾರ್ ಭಾರತದ ರಾಯಭಾರಿಯನ್ನು ಕರೆಸಿಕೊಂಡ ದಿನವೇ ವಕ್ತಾರೆಯನ್ನು ಅಮಾನತು ಮಾಡಿತು. ರಾಯಭಾರ ಕಚೇರಿಯ ಹೇಳಿಕೆಯಲ್ಲಿ, ಆಳುವ ಪಕ್ಷದ ಅಧಿಕೃತ ವಕ್ತಾರೆ ಒಮ್ಮೆಗೇ ಅಂಚಿನಲ್ಲಿರುವ ಕ್ಷುದ್ರ ಶಕ್ತಿಯಾಗಿಬಿಟ್ಟರು. ಸೌದಿ ವಿದೇಶಾಂಗ ಸಚಿವಾಲಯ ಖಂಡನೆಯ ಹೇಳಿಕೆ ಕೊಟ್ಟು, ಕ್ರಮವನ್ನು ಸ್ವಾಗತಿಸಿತು. ಆದರೆ ಈ ಕಥೆಗೆ ಒಂದು ಅಡಿಟಿಪ್ಪಣಿಯಿದೆ, ಅದನ್ನು ಮೇಲಕ್ಕೆತ್ತಿ ಓದಬೇಕು. ಜೂನ್ 10ರ ಶುಕ್ರವಾರ ಕುವೈತ್‌ನಲ್ಲಿ ನಮಾಜಿನ ನಂತರ ಕೆಲವು ವಲಸಿಗರು ಅದೇ ಮಾತಿನ ವಿರುದ್ಧ, ಪ್ರವಾದಿಯವರ ಪರವಾಗಿ ಘೋಷಣೆ ಕೂಗಿದರು. ವಲಸಿಗರು ಪ್ರತಿಭಟಿಸುವಂತಿಲ್ಲ ಎಂಬ ನಿಯಮ ಮುರಿದ ಅವರನ್ನು ಹುಡುಕಿ ಹಿಡಿದು ದೇಶದಿಂದ ಹೊರಹಾಕುವುದಾಗಿ ಕುವೈತ್ ಘೋಷಿಸಿತು. ಅಲ್ಲಿನ ಸರ್ಕಾರ ಖಂಡಿಸಿದರೆ ಅದು ರಾಜತಾಂತ್ರಿಕತೆ. ಕೂಲಿಯವ ಖಂಡಿಸಿದರೆ ಅದು ಅಪರಾಧ. ಭಾವನೆ ಒಂದೇ, ಧರ್ಮ ಒಂದೇ, ಮಸೀದಿಯೂ ಒಂದೇ ಇರಬಹುದು. ಬೇರೆಯಾದದ್ದು ಇಕಾಮ ಒಂದೇ.

ಇಲ್ಲಿಯವರೆಗಿನ ಮಾತಿಗೆ ಪ್ರಗತಿಪರ ಓದುಗರು ತಲೆದೂಗಬಹುದು. ಇನ್ನು ಮುಂದಿನದು ಅಷ್ಟು ಹಿತವಾಗಿರಲಾರದು. 2020ರ ಆ ದಿನಗಳಲ್ಲಿ ದ್ವೇಷದ ಪೋಸ್ಟ್‌ಗಳ ಚಿತ್ರ ತೆಗೆದು ಮಾಲೀಕರಿಗೂ ಅರಬ್ ಅಧಿಕಾರಿಗಳಿಗೂ ಕಳಿಸುವುದು ಒಂದು ಹೋರಾಟದ ರೂಪ ಪಡೆಯಿತು. ಒಬ್ಬೊಬ್ಬರ ಕೆಲಸ ಹೋದಾಗಲೂ ಉದಾರವಾದಿ ವಲಯಗಳಲ್ಲಿ ಚಪ್ಪಾಳೆ ಬಿದ್ದಿತು. ದೇಶದಲ್ಲಿ ಸಿಗದ ನ್ಯಾಯ ಕೊನೆಗೆ ಎಲ್ಲೋ ಒಂದೆಡೆ ಸಿಕ್ಕಿತಲ್ಲ ಎಂಬ ನಿಟ್ಟುಸಿರು ಅದರಲ್ಲಿತ್ತು. ಆ ನಿಟ್ಟುಸಿರನ್ನು ಅರ್ಥಮಾಡಿಕೊಳ್ಳಬಹುದು. ತನ್ನ ಕೈಕೆಳಗಿನ ಮುಸ್ಲಿಮ್ ಕಾರ್ಮಿಕರನ್ನು ರೋಗದ ಮೂಲವೆಂದು ಕರೆಯುವ ಮೇಲಧಿಕಾರಿಯನ್ನು ಕಂಪನಿ ಶಿಸ್ತಿಗೆ ಒಳಪಡಿಸುವುದು ಸರಿಯೇ. ಅದು ಕೆಲಸದ ಜಾಗದ ನ್ಯಾಯ. ಆದರೆ ಮಾಲೀಕನಿಗೆ ಬರೆಯುವುದಕ್ಕೂ ದೊರೆಯ ಪೊಲೀಸರಿಗೆ ಹಿಡಿದುಕೊಡುವುದಕ್ಕೂ ನಡುವೆ ಒಂದು ಗೆರೆಯಿದೆ. ಆ ಗೆರೆ ಅಳಿಸಿದ ಮೇಲೆ, ನಿಜವಾದ ಪೋಸ್ಟ್ ಸಿಗದಿದ್ದರೆ ನಕಲಿಯನ್ನೇ ಸೃಷ್ಟಿಸಿದರಾಯಿತು ಎಂಬಲ್ಲಿಗೆ ಹೋಗಲು ಬಹಳ ದೂರವಿಲ್ಲ. ದಮ್ಮಾಮ್ ಪ್ರಕರಣದಲ್ಲಿ ಪೊಲೀಸರ ಆರೋಪ ನಿಜವಾದರೆ, ಮೂಡುಬಿದಿರೆಯಲ್ಲಿ ಕೂತು ಆ ಖಾತೆ ತೆರೆದವರ ಸಿಟ್ಟಿಗೆ ಕಾರಣಗಳಿದ್ದಿರಬಹುದು. ಆದರೆ ಅವರು ಆರಿಸಿಕೊಂಡ ಅಸ್ತ್ರ ಯಾವ ನ್ಯಾಯದ ಪಾಳೆಯಕ್ಕೂ ಸೇರಿದ್ದಲ್ಲ.

ಏಕೆಂದರೆ ಆ ದೊರೆಯ ಕಾನೂನು ದ್ವೇಷದ ಮಾತನ್ನು ಶಿಕ್ಷಿಸುವ ಕಾನೂನಲ್ಲ. ಮಾತನ್ನು ಶಿಕ್ಷಿಸುವ ಕಾನೂನು. 2007ರ ಸೌದಿ ಸೈಬರ್ ಅಪರಾಧ ಕಾಯ್ದೆಯ ಆರನೆಯ ವಿಧಿ ಸಾರ್ವಜನಿಕ ಸುವ್ಯವಸ್ಥೆ, ಧಾರ್ಮಿಕ ಮೌಲ್ಯ, ಸಾರ್ವಜನಿಕ ನೈತಿಕತೆಗಳಿಗೆ ಧಕ್ಕೆ ತರುವ ಬರಹಕ್ಕೆ ಐದು ವರ್ಷಗಳವರೆಗೆ ಸೆರೆ, ಮೂವತ್ತು ಲಕ್ಷ ರಿಯಾಲ್‌ವರೆಗೆ ದಂಡ ಎನ್ನುತ್ತದೆ. ಈ ಪದಗಳಿಗೆ ಹೊರಗಿನ ಗಡಿಯಿಲ್ಲ. ಅವುಗಳ ಅರ್ಥವನ್ನು ಪ್ರಭುತ್ವ ಆಯಾ ದಿನ ನಿರ್ಧರಿಸುತ್ತದೆ. ಬ್ಲಾಗ್ ಬರೆದ ರೈಫ್ ಬದಾವಿಗೆ 2014ರಲ್ಲಿ ಹತ್ತು ವರ್ಷ ಸೆರೆ, ಸಾವಿರ ಛಡಿಯೇಟು; 2015ರ ಜನವರಿಯಲ್ಲಿ ಜೆದ್ದಾದ ಮಸೀದಿಯ ಮುಂದೆ ಐವತ್ತು ಏಟುಗಳು ಬಿದ್ದವು. ಲೀಡ್ಸ್ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದ ಸಲ್ಮಾ ಅಲ್ ಶಿಹಾಬ್ ರಜೆಗೆಂದು ಊರಿಗೆ ಬಂದಾಗ ಸೆರೆಯಾದರು. ಟ್ವೀಟ್‌ಗಳಿಗಾಗಿ 2022ರಲ್ಲಿ ಅವರಿಗೆ ವಿಧಿಸಿದ್ದು 34 ವರ್ಷಗಳ ಶಿಕ್ಷೆ. ಅದನ್ನು ಆಮೇಲೆ ತಗ್ಗಿಸಿ 2025ರಲ್ಲಿ ಬಿಡುಗಡೆ ಮಾಡಲಾಯಿತು. ನಿವೃತ್ತ ಶಿಕ್ಷಕ ಮೊಹಮ್ಮದ್ ಅಲ್ ಘಾಮ್ದಿಯ ಎರಡು ಖಾತೆಗಳಿಗೆ ಸೇರಿ ಹತ್ತು ಜನ ಹಿಂಬಾಲಕರಿದ್ದರು. 2023ರ ಜುಲೈನಲ್ಲಿ ಅವರಿಗೆ ಮರಣದಂಡನೆ ವಿಧಿಸಲಾಯಿತು, ಮುಂದಿನ ವರ್ಷ ಅದು 30 ವರ್ಷಗಳ ಸೆರೆಯಾಯಿತು. ಹತ್ತು ಜನ ಓದಿದ ಮಾತಿನಿಂದ ಯಾವ ಸಾಮ್ರಾಜ್ಯ ನಡುಗುತ್ತದೆ? ಕರಾವಳಿಯ ಈ ಇಬ್ಬರು ಕಾರ್ಮಿಕರ ಕಥೆಯನ್ನು ‘ಮುಸ್ಲಿಮ್ ದೇಶದಲ್ಲಿ ಹಿಂದೂಗಳ ಪಾಡು’ ಎಂದು ಮಾರಿದವರು ಬದಾವಿ, ಶಿಹಾಬ್, ಘಾಮ್ದಿ ಎಂಬ ಹೆಸರುಗಳನ್ನು ಒಮ್ಮೆಯಾದರೂ ಉಚ್ಚರಿಸಬೇಕಿತ್ತು. ಉದಾರವಾದಿಗಳೂ ಅಷ್ಟೇ. ಘಾಮ್ದಿಯನ್ನು ನುಂಗುವ ಬಾಯಿಗೆ ಬಲಪಂಥೀಯ ಎಸಿ ಮೆಕ್ಯಾನಿಕ್ಕನ್ನು ತುತ್ತಾಗಿ ಕೊಡುವವರು ಆ ಬಾಯಿಯ ಹಸಿವನ್ನು ಸಮರ್ಥಿಸಿದಂತಾಯಿತು.

ಒಂದು ಗಂಭೀರ ಆಕ್ಷೇಪವನ್ನು ಇಲ್ಲಿ ಎದುರಿಸಲೇಬೇಕು. ತುಳಿತಕ್ಕೊಳಗಾದವರ ಬಳಿ ಉಳಿದಿರುವುದು ಮಾತೊಂದೇ. ಅದನ್ನೂ ಹದವಾಗಿ, ಹಿತವಾಗಿ ಆಡಿ ಎಂದರೆ ಯಥಾಸ್ಥಿತಿಯ ಕಾವಲಿಗೆ ನಿಂತಂತಾಗುವುದಿಲ್ಲವೇ? ಆಗುತ್ತದೆ. ಕನ್ನಡಕ್ಕೆ ಇದರ ಅನುಭವ ಚೆನ್ನಾಗಿಯೇ ಇದೆ. 1973ರ ನವೆಂಬರ್‌ನಲ್ಲಿ ಮೈಸೂರಿನಲ್ಲಿ, ದೇವರಾಜ ಅರಸು ಸಂಪುಟದ ಸಚಿವ ಬಿ. ಬಸವಲಿಂಗಪ್ಪ ಅವರು ಕನ್ನಡ ಸಾಹಿತ್ಯದಲ್ಲಿ ಇರುವುದು ಬಹುಪಾಲು ಬೂಸಾ ಎಂದರು. ಅದಕ್ಕಿಂತ ಉದ್ರೇಕಕಾರಿಯಾದ ಒಂದು ಪದ ಆ ದಶಕದ ಕರ್ನಾಟಕದಲ್ಲಿ ಸಿಗುವುದು ಕಷ್ಟ. ಕಾಲೇಜುಗಳು ಬೀದಿಗಿಳಿದವು, ಸಚಿವರು ರಾಜೀನಾಮೆ ಕೊಟ್ಟರು. ಆದರೆ ಆ ಒಂದು ಪದದ ಗಾಯದಿಂದಲೇ ದಲಿತ ಸಂಘರ್ಷ ಸಮಿತಿಯೂ ದಲಿತ–ಬಂಡಾಯ ಸಾಹಿತ್ಯವೂ ಬಲ ಪಡೆದವು. ಹಾಗಿದ್ದ ಮೇಲೆ ಉದ್ರೇಕದ ಮಾತು ಅನ್ಯಾಯವೆಂದು ಒಂದೇ ಉಸಿರಿನಲ್ಲಿ ಹೇಳುವುದು ಹೇಗೆ?

ವ್ಯತ್ಯಾಸವನ್ನು ಧ್ವನಿಯ ಏರಿಳಿತದಲ್ಲಿ ಹುಡುಕಿದರೆ ಸಿಗದು. ಮಾತು ಯಾವ ದಿಕ್ಕಿಗೆ ಹೊರಟಿದೆ, ಆಡಿದವನು ಎಲ್ಲಿ ನಿಂತಿದ್ದಾನೆ ಎಂಬುದರಲ್ಲಿ ಹುಡುಕಬೇಕು. ಬಸವಲಿಂಗಪ್ಪನವರ ಮಾತು ಮೇಲ್ಮುಖವಾಗಿತ್ತು. ಅದು ಒಂದು ಪರಂಪರೆಯ ಅಹಂಕಾರವನ್ನು ಕೆಣಕಿತೇ ಹೊರತು ಯಾವ ನೆರೆಮನೆಯ ಬಾಗಿಲನ್ನೂ ಗುರುತು ಹಾಕಿ ತೋರಿಸಲಿಲ್ಲ. ಆಡಿದವರು ಅಧಿಕಾರ ಕಳೆದುಕೊಂಡರು; ಮಾತಿನ ಬೆಲೆಯಲ್ಲಿ ದೊಡ್ಡ ಪಾಲನ್ನು ತಾವೇ ತೆತ್ತರು. ದೊಡ್ಡ ಪಾಲು ಎಂದದ್ದು ಎಚ್ಚರದಿಂದಲೇ. ಆ ದಿನಗಳಲ್ಲಿ ಮೈಸೂರು, ಬೆಂಗಳೂರುಗಳಲ್ಲಿ ಏಟು ತಿಂದವರು ದಲಿತ ವಿದ್ಯಾರ್ಥಿಗಳು. ನ್ಯಾಯದ ಪರವಾದ ಕೆರಳಿಸುವ ಮಾತಿಗೂ ಬೆಲೆಯನ್ನು ದುರ್ಬಲರೇ ತೆರುತ್ತಾರೆ ಎಂಬ ಈ ಕಹಿಯನ್ನು ಹೋರಾಟಗಾರರು ಮರೆಯಲಾಗದು. ಆದರೂ ಅಂದು ಏಟು ತಿಂದ ಹುಡುಗರು ಆ ಮಾತನ್ನು ತಮ್ಮದೆಂದು ಎತ್ತಿಕೊಂಡರು, ಅದರಿಂದ ಚಳವಳಿ ಕಟ್ಟಿದರು. ದಮ್ಮಾಮ್‌ನಲ್ಲಿ ಸೆರೆಬಿದ್ದವರು ತಮ್ಮದೆಂದು ಎತ್ತಿಕೊಳ್ಳಬಹುದಾದ ಯಾವ ಮಾತು ಆ ಖಾತೆಯಲ್ಲಿತ್ತು? ಕುಮಟಾದ ಗಲಭೆಯಿಂದ ಮೊಕದ್ದಮೆಯ ಹೊರತು ಆ ಹುಡುಗರು ಕಟ್ಟಿದ್ದೇನು?

ಮಾತನ್ನು ತಿರುಚಿ ಆಡಿದವರ ಮೇಲೆಯೇ ಎರಗಿಸುವ ಕಲೆ ಗಲ್ಫ್‌ನಲ್ಲಿ ಹುಟ್ಟಿದ್ದೂ ಅಲ್ಲ. 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಗೌರಿ ಲಂಕೇಶ್ ಅವರ ಹತ್ಯೆಯಾಯಿತು. 2012ರಲ್ಲಿ ಅವರು ಮಂಗಳೂರಿನಲ್ಲಿ ಮಾಡಿದ ಭಾಷಣದ ತುಣುಕೊಂದನ್ನು ಹತ್ಯೆಗೆ ಸಿದ್ಧರಾಗುತ್ತಿದ್ದವರಿಗೆ ತೋರಿಸಿ ಕೆರಳಿಸಲಾಗಿತ್ತು ಎಂಬುದು ತನಿಖೆಯಲ್ಲಿ ಹೊರಬಂದ ಸಂಗತಿ. ಹಿಂದುಮುಂದಿನ ಮಾತು ಕತ್ತರಿಸಿದ ಆ ತುಣುಕು, ದಮ್ಮಾಮ್‌ನವರ ಹೆಸರಿನ ಆ ನಕಲಿ ಖಾತೆ, ಎರಡೂ ಒಂದೇ ಕಾರ್ಖಾನೆಯ ಸರಕು.

ಕಾನೂನಿನಿಂದ ಇದನ್ನು ತಡೆಯಬಹುದೆಂಬ ನಂಬಿಕೆ ಈಗ ಬಲವಾಗಿದೆ. 2025ರ ಡಿಸೆಂಬರ್‌ನ ಬೆಳಗಾವಿ ಅಧಿವೇಶನದಲ್ಲಿ ಕರ್ನಾಟಕದ ಶಾಸಕಾಂಗ ದ್ವೇಷ ಭಾಷಣ ಮತ್ತು ದ್ವೇಷಾಪರಾಧ ತಡೆ ಮಸೂದೆಯನ್ನು ಅಂಗೀಕರಿಸಿತು; ಮೊದಲ ಅಪರಾಧಕ್ಕೆ ಒಂದರಿಂದ ಏಳು ವರ್ಷಗಳ ಸೆರೆ. ಆ ವರ್ಷ ಕುಡುಪು, ಬಜ್ಪೆ, ಬಂಟ್ವಾಳಗಳಲ್ಲಿ ಒಂದೇ ತಿಂಗಳ ಅಂತರದಲ್ಲಿ ಬಿದ್ದ ಹೆಣಗಳನ್ನು ಕಂಡವರಿಗೆ ಏನಾದರೂ ಮಾಡಬೇಕೆನ್ನಿಸಿದ್ದು ಸಹಜವೇ. ಆದರೆ ಕಾನೂನು ಇರಲಿಲ್ಲವೆಂದು ಈ ಮಾತುಗಳು ಬೆಳೆಯಲಿಲ್ಲ. ಇಂಡಿಯನ್ ಪೀನಲ್ ಕೋಡಿಗೆ 295ಎ ಕಲಮು ಸೇರಿದ್ದು 1927ರಲ್ಲಿ. ಹೊರದೇಶಗಳಲ್ಲಿರುವ ಭಾರತೀಯರಿಗೆ ಇನ್ನೊಂದು ಸಂಗತಿ ಹತ್ತಿರದ್ದು. ಪ್ರವಾಸಿ ಭಲಾಯಿ ಸಂಘಟನ್ ಎಂಬ ಸಂಸ್ಥೆ ವಲಸಿಗರನ್ನು ಗುರಿಯಾಗಿಸುವ ದ್ವೇಷ ಭಾಷಣದ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋಗಿತ್ತು. 2014ರ ಮಾರ್ಚ್‌ನಲ್ಲಿ ನ್ಯಾಯಾಲಯ, ಇರುವ ಕಾನೂನು ಸಾಕಷ್ಟಿದೆ, ಜಾರಿಯೇ ಆಗುತ್ತಿಲ್ಲ ಎಂಬ ಧಾಟಿಯಲ್ಲಿ ಹೇಳಿ ವಿಷಯವನ್ನು ಕಾನೂನು ಆಯೋಗಕ್ಕೆ ಒಪ್ಪಿಸಿತು. ಆಯೋಗ 2017ರಲ್ಲಿ ವರದಿ ಕೊಟ್ಟಿತು. ದೂರು ಬರುವವರೆಗೆ ಕಾಯದೆ ಮೊಕದ್ದಮೆ ದಾಖಲಿಸಿ ಎಂದು 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಎಲ್ಲ ರಾಜ್ಯಗಳಿಗೂ ಆದೇಶಿಸಿತು. ಕೊರತೆಯಿದ್ದದ್ದು ಕಲಮುಗಳದ್ದಲ್ಲ, ವೇದಿಕೆಯ ಮೇಲಿರುವವರನ್ನು ಮುಟ್ಟುವ ಧೈರ್ಯದ್ದು. ಆ ಧೈರ್ಯವಿಲ್ಲದ ಕೈಗೆ ಇನ್ನಷ್ಟು ಹರಿತವಾದ ಕಾನೂನು ಕೊಟ್ಟರೆ ಅದು ಫಾರ್ವರ್ಡ್ ಮಾಡಿದ ಹುಡುಗನನ್ನೂ ವ್ಯಂಗ್ಯಚಿತ್ರಕಾರನನ್ನೂ ಮೊದಲು ಹಿಡಿಯುತ್ತದೆ. ಸೌದಿಯ ಆರನೆಯ ವಿಧಿಯ ನೆರಳಲ್ಲಿ ಬದುಕುವ ಕನ್ನಡಿಗರು ಊರಿನ ಗೆಳೆಯರಿಗೆ ಕೊಡಬಹುದಾದ ಒಂದು ಅನುಭವವಿದ್ದರೆ ಅದು ಇದೇ: ಧಕ್ಕೆ, ಸುವ್ಯವಸ್ಥೆ, ಸಾಮರಸ್ಯ ಎಂಬ ಪದಗಳನ್ನು ಕಾನೂನಿನಲ್ಲಿ ಬರೆಯುವಾಗ ಅಧಿಕಾರದಲ್ಲಿ ಒಳ್ಳೆಯವರೇ ಇರುತ್ತಾರೆ.

ಗಲ್ಫ್‌ನ ಕನ್ನಡ ಸಂಘಗಳೂ ಪ್ರಗತಿಪರ ಗುಂಪುಗಳೂ ಇದರ ನಡುವೆ ಮಾಡಬಹುದಾದ ಕೆಲಸ ದೊಡ್ಡದೇನೂ ಅಲ್ಲ, ಆದರೆ ಯಾರೂ ಮಾಡದ ಕೆಲಸ. ಸೈಬರ್ ಆರೋಪದ ಮೇಲೆ ಸೆರೆಯಾದ ಕಾರ್ಮಿಕನಿಗೆ ಮೊದಲ ದಿನವೇ ಅರಬ್ಬಿ ಬಲ್ಲ ವಕೀಲ ಬೇಕು. ರಿಯಾದ್‌ನ ರಾಯಭಾರ ಕಚೇರಿ ಮತ್ತು ಜೆದ್ದಾದ ದೂತಾವಾಸಗಳಿಗೆ ಅದಕ್ಕಾಗಿ ಪಟ್ಟು ಹಿಡಿಯುವವರು ಬೇಕು. ಉಡುಪಿ ಪೊಲೀಸರ ತನಿಖೆಯ ದಾಖಲೆಗಳು ವಿದೇಶಾಂಗ ಇಲಾಖೆಯ ಮೂಲಕ ಸೌದಿಯನ್ನು ತಲುಪಿದ್ದರಿಂದ ಒಬ್ಬರ ಬಿಡುಗಡೆಗೆ ದಾರಿಯಾಯಿತು. ಮಂಗಳೂರಿನ ಕಡತಕ್ಕೂ ಅದೇ ವೇಗ ಬೇಕೆಂದು ಕೇಳುವ ದನಿ ಸಂತ್ರಸ್ತನ ಪತ್ನಿಯದೊಂದೇ ಆಗಿರಬಾರದಿತ್ತು. ನಕಲಿ ಖಾತೆಯ ವಿವರ ಕೊಡಲು ಅಂತರಜಾಲ ಕಂಪನಿಗಳಿಗೆ ಕಾಲಮಿತಿ ವಿಧಿಸಬೇಕೆಂಬ ಒತ್ತಾಯ ಬೇಕು. ಪೌರತ್ವ ಕಾಯ್ದೆಯನ್ನು ಕಟುವಾಗಿ ವಿರೋಧಿಸಿದ ಸಂಘಟನೆಗಳೇ ಮೊದಲ ಅರ್ಜಿ ಬರೆಯಲಿ, ಆ ಕಾಯ್ದೆಯನ್ನು ಬೆಂಬಲಿಸಿ ಸೆರೆಬಿದ್ದ ಆ ಮಂಗಳೂರಿನವರ ಹೆಸರಿನಲ್ಲಿ.